ಲಾದಿ ಬದಲಿಸಿದರೆ ಫ್ಲ್ಯಾಟಿನ ರೇಟ್ ಏರುತ್ತಾ?

ಪ್ರಶ್ನೆ: ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಒನ್ ಬಿಎಚ್‌ಕೆ, ಕಾರ್ಪೆಟ್ (ಗೋಡೆಗಳ ಒಳಗಿನ ಜಾಗ) 420 ಚದರ ಅಡಿ. ಇನ್ನೆರಡು ಮೂರು ವರ್ಷದಲ್ಲಿ ಮಾರಿ ಉಡುಪಿ ಕಡೆ ಹೋಗುವ ಯೋಚನೆ ಇದೆ. ನೆಲಕ್ಕೆ ಹಾಸಿರುವುದು ಹಳೇ ಮೊಸಾಯಿಕ್ ಲಾದಿ, ಅಲ್ಲಲ್ಲಿ ಬಿರುಕು. ಹಾಲ್‌ಗೆ ಮರದ ಬಣ್ಣದ ಟೈಲ್ಸ್ ತಂದು ಮೀನಿನ ಮುಳ್ಳಿನ ಹಾಗೆ ಅಂಕುಡೊಂಕಾಗಿ ಜೋಡಿಸುವ ಹೆರಿಂಗ್‌ಬೋನ್ ಹಾಕಿಸೋಣ, ಬೆಡ್‌ರೂಮಿಗೆ ಡಯಾಗನಲ್, ಅಡುಗೆಮನೆಗೆ ಕಪ್ಪು-ಬಿಳಿ ಚೌಕ ಅನ್ನುತ್ತಾನೆ ಮಗ. ಹಾಗೆ ಮಾಡಿದರೆ ಮಾರುವಾಗ ಜಾಸ್ತಿ ದುಡ್ಡು ಬರುತ್ತಾ?

ಉತ್ತರ: ಬರುವುದಿಲ್ಲ. ಖರ್ಚು ಮಾಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಿಮ್ಮ ಕಡೆ ರೇಟ್ ನಿಲ್ಲುವುದು ಸ್ಟೇಷನ್ ಎಷ್ಟು ದೂರ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ನೀರು ಹೇಗೆ, ಕಾಗದಪತ್ರ ಸರಿ ಇದೆಯಾ ಅನ್ನುವುದರ ಮೇಲೆ. ಸ್ಟ್ಯಾಂಪ್ ಡ್ಯೂಟಿಗೆ ನೋಡುವ ಸರಕಾರಿ ದರಪಟ್ಟಿಯಾದ ರೆಡಿ ರೆಕನರ್‌ನಲ್ಲಿ ಟೈಲ್ಸ್ ಡಿಸೈನಿಗೆ ಜಾಗವೇ ಇಲ್ಲ. ಆದರೆ ನೆಲ ನಿಮ್ಮ ದುಡ್ಡು ಕಡಿಮೆ ಮಾಡಬಲ್ಲದು. ಮನೆ ನೋಡಲು ಬಂದವರಿಗೆ 'ಇದನ್ನು ಒಡೆಸಲೇಬೇಕು' ಅನಿಸಿತು ಅಂದುಕೊಳ್ಳಿ. ಒಡೆಸುವ ಕೂಲಿ, ಡೆಬ್ರಿ ಸಾಗಿಸುವುದು, ಹೊಸ ಟೈಲ್ಸ್, ಕೆಲಸ ಮುಗಿಯುವ ತನಕ ಬೇರೆ ಕಡೆ ಕಟ್ಟುವ ಬಾಡಿಗೆ, ಎಲ್ಲವನ್ನೂ ಲೆಕ್ಕ ಹಾಕಿ, ಅದೂ ಸ್ವಲ್ಪ ಕೈ ಬಿಗಿಯಿಲ್ಲದೆ ಹಾಕಿ, ನೀವು ಹೇಳಿದ ಬೆಲೆಯಿಂದ ಕಳೆಯುತ್ತಾರೆ. ನಾಳೆಯೇ ಸಾಮಾನು ತಂದಿಟ್ಟು ಇರಬಹುದು ಅನಿಸಿದರೆ ಆ ಮಾತೇ ಏಳುವುದಿಲ್ಲ, ಮನೆ ಬೇಗ ಹೋಗುತ್ತದೆ. ನೆಲದಿಂದ ನಿಮಗೆ ಬೇಕಾಗಿರುವುದು ಇಷ್ಟೇ.

ಈಗ ಮಗ ಹೇಳಿದ ಡಿಸೈನ್‌ಗಳಿಗೆ ಬರೋಣ. 420 ಚದರ ಅಡಿಯಲ್ಲಿ ಮೂರು ತರಹದ ನೆಲ ಬೇಡವೇ ಬೇಡ. ಪ್ರತಿ ಹೊಸ್ತಿಲಲ್ಲೂ ಕಣ್ಣು ತಡೆದು ನಿಲ್ಲುತ್ತದೆ, ಇರುವ ಜಾಗವೂ ಚಿಕ್ಕದಾಗಿ ಕಾಣುತ್ತದೆ. ಹೆರಿಂಗ್‌ಬೋನ್ ಚೆಂದವೇ, ಆದರೆ ಸಣ್ಣ ಹಾಲ್‌ನಲ್ಲಿ ಸೋಫಾ, ಟೀಪಾಯಿ ಬಂದ ಮೇಲೆ ಅದರ ಅರ್ಧ ಕಾಣುವುದೇ ಇಲ್ಲ. ಕತ್ತರಿಸಿ ಹಾಳಾಗುವ ಮಾಲೂ ಜಾಸ್ತಿ. ನೇರವಾಗಿ ಹಾಕಿದರೆ ನೂರಕ್ಕೆ 5ರಿಂದ 10 ಹೋಗುತ್ತದೆ, ಡಯಾಗನಲ್‌ಗೆ 10ರಿಂದ 15, ಹೆರಿಂಗ್‌ಬೋನ್‌ಗೆ 15 ಅಥವಾ ಮೇಲೆ. ಕೂಲಿಯೂ ಏರುತ್ತದೆ. ಹಳೇ ಬಿಲ್ಡಿಂಗ್‌ಗಳಲ್ಲಿ ಗೋಡೆಗಳು ಸರಿಯಾದ ಮೂಲೆಮಟ್ಟದಲ್ಲಿ ಇರುವುದು ಅಪರೂಪ, ಹಾಗಾಗಿ ಈ ಡಿಸೈನ್ ಗೋಡೆ ಮುಟ್ಟುವ ಕಡೆ ಒಂದೊಂದು ತುಂಡು ಒಂದೊಂದು ಅಳತೆಗೆ ಬರುತ್ತದೆ. ಕೈ ಪಳಗಿದ ಮಿಸ್ತ್ರಿ ಸಿಗದಿದ್ದರೆ ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಮರದ ಬಣ್ಣದ ಉದ್ದ ಟೈಲ್ಸೇ ಬೇಕೆಂದರೆ ಸಾಲಾಗಿ ಹಾಕಿಸಿ, ಆದರೆ ಇಟ್ಟಿಗೆಯ ಹಾಗೆ ಅರ್ಧಕ್ಕರ್ಧ ಸರಿಸಿ ಹಾಕಬೇಡಿ. ಉದ್ದ ಟೈಲ್ಸಿನ ನಡುಭಾಗ ಸ್ವಲ್ಪ ಉಬ್ಬಿರುತ್ತದೆ, ಉಬ್ಬಿನ ಪಕ್ಕಕ್ಕೆ ಇನ್ನೊಂದರ ತುದಿ ಬಂದರೆ ಬರಿಗಾಲಿಗೆ ಅಂಚು ತಾಗುತ್ತದೆ. ಮೂರರಲ್ಲಿ ಒಂದು ಭಾಗ ಸರಿಸಿದರೆ ಸಾಕು.

ನನ್ನನ್ನು ಕೇಳಿದರೆ ತೆಳು ಬೀಜ್ ಅಥವಾ ಬೂದು ಬಣ್ಣದ 2 ಬೈ 2 ಅಡಿಯ ವಿಟ್ರಿಫೈಡ್ ಟೈಲ್ಸ್, ಜಾಸ್ತಿ ಹೊಳಪಿಲ್ಲದ್ದು, ಹಾಲ್‌ನಿಂದ ಅಡುಗೆಮನೆ, ಬೆಡ್‌ರೂಮಿನ ತನಕ ಒಂದೇ. ಗೆರೆಗಳು ನೇರವಾಗಿ ಓಡಬೇಕು, ಸಂದಿಗೆ ತುಂಬುವ ಗ್ರೌಟ್ ಟೈಲ್ಸಿನ ಬಣ್ಣದ್ದೇ ಇರಬೇಕು. ಮಗನ ಆಸೆಗೆ ಬಾಲ್ಕನಿ ಬಿಟ್ಟುಕೊಡಿ, ಅಲ್ಲಿ ಕಪ್ಪು-ಬಿಳಿ ಚೌಕ ಚೆನ್ನಾಗಿಯೇ ಕಾಣುತ್ತದೆ, ಕೊಳ್ಳುವವರಿಗೆ ಬೇಡವಾದರೆ ತೆಗೆಸಲು ಹೆಚ್ಚು ಖರ್ಚಿಲ್ಲ.

ಇದಕ್ಕೂ ಮೊದಲು ಸೊಸೈಟಿಯಲ್ಲಿ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಮಾತು ನಡೆಯುತ್ತಿದೆಯಾ ವಿಚಾರಿಸಿ. ನಡೆಯುತ್ತಿದ್ದರೆ ನೆಲಕ್ಕೆ ಒಂದು ರೂಪಾಯಿಯೂ ಹಾಕಬೇಡಿ, ಬಿರುಕು ತುಂಬಿಸಿ ಪಾಲಿಶ್ ಮಾಡಿಸಿ ಸಾಕು. ಇಲ್ಲವಾದರೆ ಸೊಸೈಟಿಯ ಅನುಮತಿ ಪತ್ರ ತೆಗೆದುಕೊಂಡೇ ಶುರು ಮಾಡಿ. ಹಳೇ ಲಾದಿಯ ಮೇಲೆಯೇ ಅಂಟಿಸಿದರೆ ಅಗ್ಗ ಅಂತ ಹೇಳುವವರು ಸಿಗುತ್ತಾರೆ. ಹಾಗೆ ಮಾಡಿದರೆ ನೆಲ ಸುಮಾರು 12ರಿಂದ 15 ಮಿಲಿಮೀಟರ್ ಏರುತ್ತದೆ, ಬಾಗಿಲುಗಳ ಅಡಿ ಕೊಯ್ಯಬೇಕು, ಸ್ಲ್ಯಾಬಿಗೆ ಭಾರವೂ ಸೇರುತ್ತದೆ. ನಿಮ್ಮಲ್ಲಿ ಬಿರುಕು ಬೇರೆ ಇದೆ, ಕೆಳಗೆ ಪೊಳ್ಳಾಗಿದ್ದರೆ ಮೇಲಿನ ಹೊಸ ಟೈಲ್ಸೂ ಒಡೆಯುತ್ತದೆ. ಕೆಲಸ ಮುಗಿದ ಮೇಲೆ ಒಂದು ಬಾಕ್ಸ್ ಟೈಲ್ಸ್ ಉಳಿಸಿ ಅಟ್ಟದಲ್ಲಿ ಇಡಿ.

ಪ್ರಶ್ನೆ: ಪುಣೆಯ ಹಡಪ್ಸರದಲ್ಲಿ ಮನೆ. ಹಾಲ್‌ನ ಎರಡು ಟೈಲ್ಸ್ ಒಡೆದಿವೆ, ಆ ಡಿಸೈನ್ ಈಗ ಬರುತ್ತಿಲ್ಲ. ಆ ಜಾಗದಲ್ಲಿ ಬೇರೆ ಬಣ್ಣದ ನಾಲ್ಕಾರು ಹಾಕಿ ಚಿತ್ತಾರ ಮಾಡಿ ಅಂತ ಬ್ರೋಕರ್ ಸಲಹೆ. ಮಾಡಲಾ?

ಉತ್ತರ: ಬೇಡ. ನೋಡಿದವರಿಗೆ ಅದು ತೇಪೆ ಅಂತ ತಕ್ಷಣ ಗೊತ್ತಾಗುತ್ತದೆ, ಕೆಳಗೆ ಸೋರಿಕೆ ಏನಾದರೂ ಇದೆಯಾ ಅನ್ನುವ ಅನುಮಾನವೂ ಬರುತ್ತದೆ. ಮೊದಲು ಸುತ್ತಲಿನ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆಯೂ ರಿಪೇರಿ ಬೇಕು. ಆಮೇಲೆ ಅಡುಗೆಮನೆಯ ಕಟ್ಟೆಯಡಿ ಕೂರಿಸಿದ ಟ್ರಾಲಿ (ಡ್ರಾಯರ್) ಕೆಳಗೆ ಅದೇ ಟೈಲ್ಸ್ ಇದೆಯಾ ನೋಡಿ. ಗ್ರೌಟ್ ಕತ್ತರಿಸಿ ನಿಧಾನವಾಗಿ ಎಬ್ಬಿಸಿದರೆ ಇಡಿಯಾಗಿ ಬರಬಹುದು. ಅವನ್ನು ಹಾಲ್‌ಗೆ ಹಾಕಿ, ಟ್ರಾಲಿ ಕೆಳಗೆ ಯಾವುದಾದರೂ ನಡೆಯುತ್ತದೆ. ಅದೂ ಆಗದಿದ್ದರೆ ಒಡೆದದ್ದನ್ನು ಹಾಗೇ ತೋರಿಸಿ, ಬೆಲೆ ಮಾತಾಡಿ.

ಪ್ರಶ್ನೆ: ಮಡಗಾಂವ್ ಹತ್ತಿರ ಅತ್ತೆಯವರ ಹಳೇ ಮನೆ ಮಾರಬೇಕು. ಹೂವಿನ ಚಿತ್ರದ ಸಿಮೆಂಟ್ ಲಾದಿ, ಬಣ್ಣ ಮಾಸಿದೆ. ವಿಟ್ರಿಫೈಡ್ ಹಾಕಿಸಿದರೆ ಒಳ್ಳೆಯದಾ?

ಉತ್ತರ: ದಯವಿಟ್ಟು ಒಂದನ್ನೂ ಒಡೆಯಬೇಡಿ! ಗೋವಾದಲ್ಲಿ ಹಳೇ ಮನೆ ಹುಡುಕಿಕೊಂಡು ಬರುವವರು ಇಂಥ ನೆಲ ಇದೆಯಾ ಅಂತಲೇ ನೋಡುತ್ತಾರೆ. ಮೇಲೆ ಫ್ಲ್ಯಾಟಿನವರಿಗೆ ನಾನು ಹೇಳಿದ್ದೆಲ್ಲ ಇಲ್ಲಿ ತಿರುಗುಮುರುಗು, ಇಲ್ಲಿ ಡಿಸೈನೇ ಆಸ್ತಿ. ಈ ಲಾದಿಯನ್ನು ಸುಟ್ಟಿರುವುದಿಲ್ಲ, ಒತ್ತಿ ಮಾಡಿರುತ್ತಾರೆ. ಬಣ್ಣದ ಸಿಮೆಂಟೇ ಕೆಲವು ಮಿಲಿಮೀಟರ್ ದಪ್ಪ ಇರುತ್ತದೆ, ಸವೆದರೂ ಚಿತ್ರ ಹೋಗುವುದಿಲ್ಲ. ಆಸಿಡ್ ಹಾಕಿ ಉಜ್ಜಬೇಡಿ, ಸಿಮೆಂಟನ್ನು ಅದು ತಿನ್ನುತ್ತದೆ. ಮೆತ್ತನೆಯ ಸೋಪಿನ ನೀರಿನಿಂದ ತೊಳೆಸಿ, ಸಾಲದಿದ್ದರೆ ಗೊತ್ತಿರುವವರಿಂದ ಹಗುರವಾಗಿ ಪಾಲಿಶ್ ಮಾಡಿಸಿ. ಒಡೆದದ್ದು ನಾಲ್ಕೈದು ಇದ್ದರೆ ಅದೇ ಚಿತ್ರದ್ದನ್ನು ಮಾಡಿಸಬಹುದು, 1922ರಲ್ಲಿ ಶುರುವಾದ ಮುಂಬಯಿಯ ಭಾರತ್ ಫ್ಲೋರಿಂಗ್ಸ್ ಕಂಪನಿ ಇಂದಿಗೂ ಇಂಥ ಲಾದಿ ಮಾಡುತ್ತಿದೆ. ಮಾರಾಟದ ಜಾಹೀರಾತಿನಲ್ಲಿ ಮನೆಯ ಮುಂಭಾಗದ ಜೊತೆಗೆ ಈ ನೆಲದ ಫೋಟೋವನ್ನೂ ಹಾಕಿ.