1952ರ ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕ ಯಾರು?

ಮೊದಲ ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕ ಯಾರಿದ್ದರು ಅಂತ ಕೇಳಿದ್ದೀರಿ. ಅಧಿಕೃತವಾಗಿ ಯಾರೂ ಇರಲಿಲ್ಲ. ಚುನಾವಣೆ ನಡೆದ 489 ಸ್ಥಾನಗಳಲ್ಲಿ ಕಾಂಗ್ರೆಸ್ಸೇ 364 ಗೆದ್ದಿತ್ತು. ಎರಡನೇ ದೊಡ್ಡ ಪಕ್ಷ ಕಮ್ಯುನಿಸ್ಟರದ್ದು, ಅವರಿಗೆ ಸಿಕ್ಕಿದ್ದು ಬರೀ 16. ಸದನದ ಹತ್ತನೇ ಒಂದು ಭಾಗ ಸದಸ್ಯರಿದ್ದರೆ ಮಾತ್ರ ಪಕ್ಷವೆಂದು ಮಾನ್ಯತೆ ಅಂತ ಸ್ಪೀಕರ್ ಮಾವಳಂಕರ್ ಹೇಳಿಬಿಟ್ಟಿದ್ದರು. ಅದರ ಹತ್ತಿರಕ್ಕೂ ಯಾರೂ ಬರಲಿಲ್ಲ.

ಹಾಗಂತ ಸದನ ಸಪ್ಪೆಯಾಗಿತ್ತು ಅಂದುಕೊಳ್ಳಬೇಡಿ. ಸ್ಪೀಕರ್ ಆಯ್ಕೆಗೇ ಪೈಪೋಟಿ ನಡೆಯಿತು. ಮಾವಳಂಕರ್ ಎದುರು ಶಂಕರ ಶಾಂತಾರಾಮ ಮೋರೆ ನಿಂತು 394–55ರಲ್ಲಿ ಸೋತರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಜನಸಂಘದ ಶ್ಯಾಮಾಪ್ರಸಾದ್ ಮುಖರ್ಜಿಯಂಥವರು ಸುಮ್ನೆ ಕೂರುವ ಆಸಾಮಿಗಳಲ್ಲ.

ಆದರೆ ನನ್ನ ಪ್ರಕಾರ ಆ ಕಾಲದಲ್ಲಿ ಸರ್ಕಾರಕ್ಕೆ ಜಾಸ್ತಿ ಬಿಸಿ ಮುಟ್ಟಿಸಿದವರು ಕಾಂಗ್ರೆಸ್ ಒಳಗಿನವರೇ. ಸರ್ಕಾರಿ ವಿಮಾ ಸಂಸ್ಥೆ ಎಲ್‌ಐಸಿಯ ದುಡ್ಡು ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಿಗೆ ಹೋದದ್ದನ್ನು 1957ರ ಕೊನೆಯಲ್ಲಿ ಸದನದಲ್ಲಿ ಕೆದಕಿದ್ದು ಫಿರೋಜ್ ಗಾಂಧಿ. ಕಾಂಗ್ರೆಸ್ ಸಂಸದ, ಅದೂ ನೆಹರೂ ಅಳಿಯ! ಮುಂದಿನ ವರ್ಷ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಮಾನ್ಯತೆ ಪಡೆದ ಮೊದಲ ವಿರೋಧ ಪಕ್ಷದ ನಾಯಕ ರಾಮ್ ಸುಭಗ್ ಸಿಂಗ್. ಅದು 1969ರಲ್ಲಿ, ಕಾಂಗ್ರೆಸ್ ಎರಡು ಹೋಳಾದ ಮೇಲೆ. ಅವರೂ ಹಳೇ ಕಾಂಗ್ರೆಸ್ಸಿಗರೇ.