ಎರಡು ತುದಿಯಿಂದ ಕೊರೆದ ಸುರಂಗ ಸೇರಿದ್ದು ಹೇಗೆ?

ಪ್ರಶ್ನೆ: ನಮ್ಮ ಘಾಟಿಯ ರೈಲು ಸುರಂಗಗಳಿಗಾದರೂ ಸರ್ವೆ ಉಪಕರಣಗಳಿದ್ದವು. ಜೆರುಸಲೇಮಿನ ಹಿಜ್ಕೀಯ ದೊರೆಯ ಸುರಂಗವನ್ನು ಏನೂ ಇಲ್ಲದೆ ಎರಡೂ ಕಡೆಯಿಂದ ಕೊರೆದು ಕೂಡಿಸಿದರಂತೆ, ನಿಜವೇ? (ಸಕಲೇಶಪುರದ ಓದುಗರು)

ನಿಜ. ಅದಕ್ಕೆ ಸುರಂಗದ ಗೋಡೆಯೇ ಸಾಕ್ಷಿ: ನಡುವೆ ಒಂದು ಕಡೆ ಗುದ್ದಲಿಯ ಏಟುಗಳ ದಿಕ್ಕು ತಿರುಗುಮುರುಗಾಗುತ್ತದೆ. ಅದರ ಆಸುಪಾಸಿನಲ್ಲಿ ಕೊರೆಯಲು ಶುರುಮಾಡಿ ಅರ್ಧಕ್ಕೇ ಬಿಟ್ಟ ಕುರುಡು ಗುಳಿಗಳಿವೆ. ದಾರಿ ತಪ್ಪಿತೆಂದು ಗೊತ್ತಾಗಿ ಪಕ್ಕಕ್ಕೆ ಹೊರಳಿದ್ದಾರೆ.

ಗೀಹೋನ್ ಬುಗ್ಗೆಯ ನೀರನ್ನು ಸಿಲೋವ ಕೊಳಕ್ಕೆ ಹರಿಸಲು ಕೊರೆದ ಸುರಂಗವಿದು. ಇವೆರಡರ ನೇರ ಅಂತರ ಸುಮಾರು 320 ಮೀಟರ್. ಸುರಂಗವೋ ಹಾವಿನಂತೆ ಸುತ್ತಿ 533 ಮೀಟರ್ ಆಗಿದೆ. ಇಷ್ಟು ಸುತ್ತಿದ್ದೇಕೆಂಬ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸುಣ್ಣಕಲ್ಲಿನ ಸಹಜ ಬಿರುಕನ್ನೇ ಹಿಗ್ಗಿಸಿದರೆಂದು ಕೆಲವರು. ಮೇಲಿನ ನೆಲದಿಂದ ಬಂಡೆಗೆ ಬಡಿದು ಸದ್ದಿನಿಂದ ದಾರಿ ತೋರಿದರೆಂದು ಇನ್ನು ಕೆಲವರು. ಉದ್ದಕ್ಕೂ ಒಂದೇ ಬಿರುಕಿದ್ದರೆ ಕುರುಡು ಗುಳಿಗಳೇಕೆ? ಎರಡನೆಯ ಮಾತೇ ಹೆಚ್ಚು ಒಪ್ಪುವಂತಿದೆ.

ದಿಕ್ಕಿಗಿಂತ ಕಷ್ಟದ್ದು ಮಟ್ಟ. ಇಡೀ ಉದ್ದಕ್ಕೆ ಇಳಿಜಾರು ಸುಮಾರು 30 ಸೆಂಟಿಮೀಟರ್ ಮಾತ್ರ, ಅಂದರೆ ನೂರು ಮೀಟರಿಗೆ ಆರು ಸೆಂಟಿಮೀಟರೂ ಇಲ್ಲ. ಕೊಳದ ಕಡೆ ಚಾವಣಿ ಐದು ಮೀಟರಿನಷ್ಟು ಎತ್ತರ. ನೀರು ಹರಿಯಲೆಂದು ಆಮೇಲೆ ನೆಲ ತಗ್ಗಿಸಿದ್ದರ ಗುರುತದು.

1880ರಲ್ಲಿ ಸುರಂಗದೊಳಗೆ ಸಿಕ್ಕ ಆರು ಸಾಲಿನ ಶಾಸನ ಈಗ ಇಸ್ತಾಂಬುಲ್‌ನಲ್ಲಿದೆ. ಮೂರು ಮೊಳ ಉಳಿದಿರುವಾಗ ಆಚೆಯವರ ಕೂಗು ಕೇಳಿಸಿತೆಂದೂ ನೀರು 1200 ಮೊಳ ಹರಿಯಿತೆಂದೂ ಅದರಲ್ಲಿದೆ. ಭಾಗಿಸಿ ನೋಡಿ: ಮೊಳಕ್ಕೆ 44 ಸೆಂಟಿಮೀಟರ್ ಚಿಲ್ಲರೆ, ನಮ್ಮ ಹೂವಾಡಗಿತ್ತಿಯ ಮೊಳವೇ! ಬೇಲೂರು-ಹಳೇಬೀಡಿನಲ್ಲಿ ಶಿಲ್ಪಿಯೂ ಹೆಸರು ಕೆತ್ತಿಕೊಂಡಿದ್ದಾನೆ. ಇಲ್ಲಿ ದೊರೆಯ ಹೆಸರೂ ಇಲ್ಲ.

ಪ್ರಶ್ನೆ: ಹೆಸರೇ ಇಲ್ಲದಿದ್ದರೆ ಕಾಲ ಹೇಗೆ ತಿಳಿಯಿತು? ಕಲ್ಲಿಗೆ ಕಾರ್ಬನ್ ಪರೀಕ್ಷೆ ಮಾಡಬಹುದೇ? (ಹಾಸನದ ಓದುಗರು)

ಕಲ್ಲಿಗೆ ಆಗದು. ಜೀವವಿದ್ದದ್ದು ಸತ್ತು ಎಷ್ಟು ಕಾಲವಾಯಿತೆಂದಷ್ಟೇ ಕಾರ್ಬನ್-14 ಹೇಳುತ್ತದೆ. ಬೇಲೂರಿನ ಗುಡಿಗೆ 1117 ಎನ್ನುವುದೂ ಶಾಸನದ ಬಲದಿಂದಲೇ. ಸುರಂಗದಲ್ಲಿ ಗಾರೆಯೊಳಗೆ ಸಿಕ್ಕಿಕೊಂಡ ಗಿಡದ ಚೂರುಗಳು ಸಿಕ್ಕವು. ಎಲೆ, ಕಡ್ಡಿ ಒಳ್ಳೆಯವು. ಹಳೆಯ ಮರದ ತಿರುಳಾದರೆ ಗಾರೆಗಿಂತ ನೂರಾರು ವರ್ಷ ಹಿಂದಿನ ಲೆಕ್ಕ ಬಂದುಬಿಡುತ್ತದೆ. ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳ ವಯಸ್ಸನ್ನು, ಅವುಗಳಲ್ಲಿನ ಯುರೇನಿಯಂ ನಿಧಾನಕ್ಕೆ ಥೋರಿಯಂ ಆಗುವ ಲೆಕ್ಕದಿಂದ ಅಳೆದರು. ಅವು ಕೊರೆದ ಮೇಲೆ ಬೆಳೆದವಾದ್ದರಿಂದ ಸುರಂಗ ಅವಕ್ಕಿಂತ ಹಳೆಯದಿರಲೇಬೇಕು. 2003ರಲ್ಲಿ ಪ್ರಕಟವಾದ ಈ ಎರಡೂ ಲೆಕ್ಕ ಕ್ರಿ.ಪೂ. 700ರ ಆಸುಪಾಸಿಗೆ ಹೊಂದುತ್ತವೆ. ಹಿಜ್ಕೀಯ ಆಳುತ್ತಿದ್ದ ಯೆಹೂದದ ಮೇಲೆ ಅಶ್ಶೂರದ ದಂಡು ಬಿದ್ದದ್ದೂ ಅದೇ ಹೊತ್ತಿಗೆ, ಕ್ರಿ.ಪೂ. 701ರಲ್ಲಿ.