ಹಳೆಯ ಸ್ಪ್ರಿಂಗ್ ಅಪ್ಲಿಕೇಶನ್‌ಗೆ ಕೋಡ್ ಮುಟ್ಟದೆ ಅನುಮತಿ ತಪಾಸಣೆ ಸೇರಿಸಬಹುದೇ?

ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಬರೆದ ಅಪ್ಲಿಕೇಶನ್‌ನ ಸರ್ವಿಸ್ ಲೇಯರಿನ (ಅಸಲಿ ಕೆಲಸ ಮಾಡುವ ಪದರ) ನೂರಾರು ಮೆಥಡ್‌ಗಳನ್ನು ಒಂದೊಂದಾಗಿ ತಿದ್ದುವ ಬದಲು, ಒಂದು ಆಸ್ಪೆಕ್ಟ್ (ಹಲವು ಮೆಥಡ್‌ಗಳಿಗೆ ಹೊರಗಿನಿಂದಲೇ ಅನ್ವಯಿಸುವ ಕೋಡ್) ಬರೆದು ಯಾರು ಏನು ಮಾಡಬಹುದೆಂಬ ನಿಯಮ ಹಾಕಲು ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. ಆದರೆ ಎಷ್ಟೋ ಕಡೆ ಈ ತಪಾಸಣೆ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಎರರ್ ಬರುವುದಿಲ್ಲ, ಲಾಗ್‌ನಲ್ಲೂ ಕಾಣುವುದಿಲ್ಲ. ಹಾಗಾಗಿ ಆಸ್ಪೆಕ್ಟ್ ಬರೆಯುವುದಕ್ಕಿಂತ ಅದು ಓಡುತ್ತಿದೆಯೆಂದು ಖಾತ್ರಿ ಮಾಡಿಕೊಳ್ಳುವುದಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ.

ಪಾಯಿಂಟ್‌ಕಟ್‌ನಲ್ಲಿ (ಆಸ್ಪೆಕ್ಟ್ ಯಾವ ಮೆಥಡ್‌ಗಳಿಗೆ ಅನ್ವಯಿಸಬೇಕೆಂದು ಹೇಳುವ ಸಾಲು) 'ಡಿಲೀಟ್' ಎಂದು ಶುರುವಾಗುವ ಮೆಥಡ್‌ಗಳು ಎಂಬಂತೆ ಹೆಸರು ಹಿಡಿದು ಹುಡುಕಬೇಡಿ. ಯಾರೋ ಅದನ್ನು 'ರಿಮೂವ್' ಎಂದು ಬದಲಿಸಿದ ದಿನವೇ ತಪಾಸಣೆ ಬಿದ್ದುಹೋಗುತ್ತದೆ, ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಸರ್ವಿಸ್ ಪ್ಯಾಕೇಜಿನ ಎಲ್ಲ ಪಬ್ಲಿಕ್ ಮೆಥಡ್‌ಗಳೂ ಒಳಗೆ ಬರಲಿ; ನಿಯಮದ ಪಟ್ಟಿಯಲ್ಲಿಲ್ಲದ ಮೆಥಡ್‌ಗೆ ಪ್ರವೇಶ ನಿರಾಕರಿಸಿ. ಅಡ್ವೈಸ್ (ಆಸ್ಪೆಕ್ಟ್ ಓಡಿಸುವ ಕೋಡ್) ಮೆಥಡ್‌ಗೂ ಮುಂಚೆ ಓಡುವ 'ಬಿಫೋರ್' ಆದರೆ ಸಾಕು: ಅದು ಎಕ್ಸೆಪ್ಶನ್ ಎಸೆದರೆ ಮೆಥಡ್ ಓಡುವುದೇ ಇಲ್ಲ.

ಸ್ಪ್ರಿಂಗ್ ಎಒಪಿ (ಸ್ಪ್ರಿಂಗ್‌ನ ಆಸ್ಪೆಕ್ಟ್ ವ್ಯವಸ್ಥೆ) ಪ್ರಾಕ್ಸಿ ಮೂಲಕ, ಅಂದರೆ ಅಸಲಿ ಆಬ್ಜೆಕ್ಟ್‌ನ ಮುಂದೆ ನಿಂತು ಕರೆಗಳನ್ನು ಹಿಡಿಯುವ ಇನ್ನೊಂದು ಆಬ್ಜೆಕ್ಟ್ ಮೂಲಕ, ನಡೆಯುತ್ತದೆ. ಒಂದು ಕ್ಲಾಸಿನ ಮೆಥಡ್ ತನ್ನದೇ ಇನ್ನೊಂದು ಮೆಥಡ್ ಅನ್ನು 'ದಿಸ್' ಮೂಲಕ ಕರೆದರೆ ಆ ಕರೆ ಪ್ರಾಕ್ಸಿಯ ಮೂಲಕ ಹೋಗುವುದಿಲ್ಲ, ತಪಾಸಣೆಯೂ ಆಗುವುದಿಲ್ಲ. ಪ್ರೈವೇಟ್ ಮತ್ತು ಫೈನಲ್ ಮೆಥಡ್‌ಗಳೂ, 'ನ್ಯೂ' ಎಂದು ನೀವೇ ಸೃಷ್ಟಿಸಿದ ಆಬ್ಜೆಕ್ಟ್‌ಗಳೂ ಹಾಗೆಯೇ. ಹಳೆಯ ಕೋಡ್‌ನಲ್ಲಿ ಇಂಥವು ಹೇರಳ. ಅವೂ ಬೇಕಾದರೆ ಆಸ್ಪೆಕ್ಟ್‌ಜೆ ಎಂಬ ಟೂಲ್‌ನ ಲೋಡ್‌ಟೈಮ್ ವೀವಿಂಗ್‌ಗೆ (ಕ್ಲಾಸ್ ಲೋಡ್ ಆಗುವಾಗಲೇ ಆಸ್ಪೆಕ್ಟ್ ಅನ್ನು ಅದರೊಳಗೆ ಹೆಣೆಯುವುದು) ಹೋಗಿ: ಜೆವಿಎಂಗೆ ಜಾವಾಏಜೆಂಟ್ ಆಗಿ ವೀವರ್ ಜಾರ್ ಕೊಟ್ಟು, ಮೆಟಾ-ಇನ್ಫ್ ಫೋಲ್ಡರಿನಲ್ಲಿ ಎಒಪಿ ಎಕ್ಸ್‌ಎಂಎಲ್ ಇಡಬೇಕು. ಹೊಸ ಸರ್ವರ್‌ನ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ ಆ ಏಜೆಂಟ್ ಸಾಲು ಬಿಟ್ಟುಹೋದರೂ ಅಪ್ಲಿಕೇಶನ್ ಎದ್ದು ಕೂರುತ್ತದೆ, ತಪಾಸಣೆ ಮಾತ್ರ ಇರುವುದಿಲ್ಲ. ಆದ್ದರಿಂದ ಆಸ್ಪೆಕ್ಟ್ ಹೆಣೆದಿಲ್ಲವೆಂದು ಗೊತ್ತಾದರೆ ಸ್ಟಾರ್ಟ್‌ಅಪ್ಪೇ ನಿಲ್ಲುವಂತೆ ಬರೆಯಿರಿ.

ಆಸ್ಪೆಕ್ಟ್‌ಗಳ ಕ್ರಮವನ್ನು ಬಹಳಷ್ಟು ಜನ ನೋಡುವುದೇ ಇಲ್ಲ. ಆರ್ಡರ್ (ಕ್ರಮದ ಸಂಖ್ಯೆ) ಕೊಡದಿದ್ದರೆ ನಿಮ್ಮ ಆಸ್ಪೆಕ್ಟ್ ಕೂಡ ಕ್ಯಾಶ್ (ಹಿಂದಿನ ಉತ್ತರವನ್ನು ಇಟ್ಟುಕೊಂಡು ಮತ್ತೆ ಕೊಡುವುದು), ಟ್ರಾನ್ಸಾಕ್ಷನ್‌ಗಳಂತೆ ಕೊನೆಯ ಆದ್ಯತೆಗೇ ಬರುತ್ತದೆ. ಯಾವುದು ಮೊದಲು ಎಂಬ ಖಾತ್ರಿಯಿಲ್ಲ. ಕ್ಯಾಶ್ ತಪಾಸಣೆಯ ಹೊರಗೆ, ಅಂದರೆ ಅದಕ್ಕಿಂತ ಮೊದಲು, ಕೂತರೆ, ಮ್ಯಾನೇಜರ್ ನೋಡಿದ ಸಂಬಳದ ವಿವರ ಅನುಮತಿಯಿಲ್ಲದ ಮುಂದಿನ ಬಳಕೆದಾರನಿಗೂ ಕ್ಯಾಶ್‌ನಿಂದಲೇ ಸಿಗುತ್ತದೆ. ಸೆಕ್ಯುರಿಟಿ ಆಸ್ಪೆಕ್ಟ್‌ಗೆ 100ರಂಥ ಸಣ್ಣ ಆರ್ಡರ್ ಕೊಡಿ. ಸಣ್ಣ ಸಂಖ್ಯೆ ಮೊದಲು ಓಡುತ್ತದೆ.

ಬಳಕೆದಾರನ ಮಾಹಿತಿಯನ್ನು ಆಸ್ಪೆಕ್ಟ್‌ನ ಫೀಲ್ಡ್‌ನಲ್ಲಿ ಇಡಬೇಡಿ, ಎಲ್ಲ ಥ್ರೆಡ್‌ಗಳಿಗೂ ಇರುವುದು ಒಂದೇ ಆಸ್ಪೆಕ್ಟ್. ಸ್ಪ್ರಿಂಗ್ ಸೆಕ್ಯುರಿಟಿ (ಲಾಗಿನ್, ಅನುಮತಿ ನೋಡಿಕೊಳ್ಳುವ ಲೈಬ್ರರಿ) ಆ ಮಾಹಿತಿಯನ್ನು ಥ್ರೆಡ್‌ಲೋಕಲ್‌ನಲ್ಲಿ (ಒಂದೊಂದು ಥ್ರೆಡ್‌ಗೂ ಬೇರೆ ಬೇರೆ ಜಾಗ) ಇಡುತ್ತದೆ, ಬೇರೆ ಥ್ರೆಡ್‌ನಲ್ಲಿ ಓಡುವ ಅಸಿಂಕ್ ಕೆಲಸಗಳಿಗೆ ಅದು ತಾನಾಗಿ ದಾಟುವುದಿಲ್ಲ. ಅದನ್ನು ಜೊತೆಗೆ ಕೊಂಡೊಯ್ಯುವ ಡೆಲಿಗೇಟಿಂಗ್ ಸೆಕ್ಯುರಿಟಿ ಕಾಂಟೆಕ್ಸ್ಟ್ ಎಕ್ಸಿಕ್ಯೂಟರ್ ಬಳಸಿ.

ಕೊನೆಗೆ ಒಂದು ಟೆಸ್ಟ್, ಇದನ್ನು ಬಿಡಲೇಬೇಡಿ. ರಿಫ್ಲೆಕ್ಷನ್‌ನಿಂದ (ಓಡುವಾಗಲೇ ಕ್ಲಾಸಿನ ಮೆಥಡ್‌ಗಳನ್ನು ಪಟ್ಟಿ ಮಾಡಿ ಕರೆಯುವ ಜಾವಾ ಸೌಲಭ್ಯ) ಪ್ರತಿ ಸರ್ವಿಸ್ ಬೀನ್‌ನ (ಸ್ಪ್ರಿಂಗ್ ಸೃಷ್ಟಿಸಿ ನಿರ್ವಹಿಸುವ ಆಬ್ಜೆಕ್ಟ್) ಪಬ್ಲಿಕ್ ಮೆಥಡ್‌ಗಳನ್ನೆಲ್ಲ ಲಾಗಿನ್ ಇಲ್ಲದೆ ಕರೆಯಿರಿ. ಆರ್ಗ್ಯುಮೆಂಟ್‌ಗಳಿಗೆ ನಲ್, ಪ್ರಿಮಿಟಿವ್ ಇದ್ದಲ್ಲಿ 0 ಅಥವಾ ಫಾಲ್ಸ್ ಸಾಕು, ತಪಾಸಣೆ ಅದಕ್ಕೂ ಮುಂಚೆಯೇ ತಡೆಯಬೇಕಲ್ಲ. ಅನುಮತಿ ನಿರಾಕರಣೆ ಬಿಟ್ಟು ನಲ್ ಪಾಯಿಂಟರ್ ಸೇರಿದಂತೆ ಬೇರೇನು ಬಂದರೂ ಟೆಸ್ಟ್ ಫೇಲ್ ಆಗಬೇಕು. ತಡೆ ತಪ್ಪಿದ ಮೆಥಡ್ ನಿಜವಾಗಿಯೂ ಓಡಿಬಿಡುವುದರಿಂದ, ಇದನ್ನು ಖಾಲಿ ಡೇಟಾಬೇಸ್ ಮೇಲೆ ಮಾತ್ರ ಓಡಿಸಿ.